ಭಾನುವಾರ ಡ್ಯಾಶ್‌ಬೋರ್ಡ್ ಬಿಚ್ಚುವವರು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 9ಕ್ಕೆ ಸೇರುತ್ತಿದ್ದೇವೆ. ತ್ರಿಚಕ್ರ ಬೈಕಿನ ಡ್ಯಾಶ್‌ಬೋರ್ಡ್ ಪ್ಯಾನೆಲ್, ಸ್ವಿಚ್ ಬಿಚ್ಚುವ ಕೆಲಸ ಇರುವವರಿಗೆ ಮಾತ್ರ ಈ ಸೂಚನೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ತಪ್ಪದೆ ತನ್ನಿ.

ಮೊದಲು ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಆಮೇಲೆಯೇ ಪ್ಯಾನೆಲ್‌ಗೆ ಕೈ ಹಾಕಿ. ಬಿಚ್ಚುವ ಮುಂಚೆ ಒಂದೊಂದು ಹಂತದಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಹಾಗಾಗಿ ಯಾವುದು ಎಲ್ಲಿಯದು ಅಂತ ಬರೆದಿಡಿ.

ಜಾಸ್ತಿ ಮುರಿಯುವುದು ಪ್ಲಾಸ್ಟಿಕ್ ಲಾಕ್‌ಗಳೇ. ಪ್ಯಾನೆಲ್ ಬರದಿದ್ದರೆ ಎಲ್ಲೋ ಒಂದು ಸ್ಕ್ರೂ ಅಥವಾ ಕ್ಲಿಪ್ ಉಳಿದಿದೆ ಎಂದೇ ಅರ್ಥ. ಸುಮ್ನೆ ಎಳೆಯಬೇಡಿ, ಹುಡುಕಿ. ಲೋಹದ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಮೀಟುಗೋಲು ಬಳಸಿ. ಚಳಿಯಲ್ಲಿ ಪ್ಲಾಸ್ಟಿಕ್ ಬೇಗ ಸೀಳುತ್ತದೆ, ಅದಕ್ಕೇ ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸೋಣ.

ಸ್ವಿಚ್‌ಗಳಲ್ಲಿ ಹೆಚ್ಚಿನವು ಹಿಂಬದಿಯ ಎರಡು ಪಕ್ಕದ ಲಾಕ್ ಒತ್ತಿದರೆ ಹೊರಗೆ ಬರುತ್ತವೆ. ಕನೆಕ್ಟರ್ ತೆಗೆಯುವಾಗ ಅದರ ಲಾಕ್ ಒತ್ತಿ, ಪ್ಲಗ್ಗನ್ನೇ ಹಿಡಿದು ಎಳೆಯಿರಿ. ವೈರ್ ಹಿಡಿದು ಬೇಡ! ಪ್ರತಿ ಕನೆಕ್ಟರ್‌ಗೂ ಚೀಟಿ ಅಂಟಿಸಿ. ಕನೆಕ್ಟರ್ ಬಿಚ್ಚಿರುವಾಗ ಕೀ ಆನ್ ಮಾಡಬೇಡಿ, ಎಚ್ಚರಿಕೆ ದೀಪ ಹತ್ತಿ ಫಾಲ್ಟ್ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಉಳಿದುಬಿಡಬಹುದು. ಜೋಡಿಸುವಾಗ ನೆಗೆಟಿವ್ ವೈರ್ ಕೊನೆಗೆ. ದೀಪ, ಹಾರ್ನ್, ಇಂಡಿಕೇಟರ್, ರಿವರ್ಸ್ ಇದ್ದರೆ ಅದೂ, ಎಲ್ಲವನ್ನೂ ನೋಡದೆ ಗಾಡಿ ರಸ್ತೆಗಿಳಿಸುವುದು ಬೇಡ.

ಬರುವವರು ಶುಕ್ರವಾರ ಸಂಜೆಯೊಳಗೆ ಮಾಡೆಲ್, ವರ್ಷ, ಯಾವ ಪ್ಯಾನೆಲ್ ಎಂದು ಇಲ್ಲೇ ತಿಳಿಸಿ. ಹೆಚ್ಚುವರಿ ಕ್ಲಿಪ್‌ಗಳು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತನ್ನಿ.