ಓದಲು ಬಾರದ ಆರನೇ ಕ್ಲಾಸಿಗೆ ಹೋದ ಚೈತ್ರಾಳಿಗೆ

ಚಿ. ಚೈತ್ರಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜ್ ಓದಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡಲು ಹೋದವಳಿಗೆ, ಅರ್ಧ ಮಕ್ಕಳಿಗೆ 'ದ್ಯುತಿಸಂಶ್ಲೇಷಣೆ' ಹಾಗಿರಲಿ, 'ಪುಸ್ತಕ' ಅಂತ ಓದಲೂ ಬರುವುದಿಲ್ಲ ಅಂತ ಗೊತ್ತಾಗಿ ತಲೆ ಕೆಟ್ಟಿದೆ. ಕೆಲಸ ಬಿಟ್ಟು ಕೆಎಎಸ್‌ಗೆ ಓದುತ್ತೇನೆ ಅನ್ನುತ್ತಿದ್ದೀಯ.

ಸಿಟ್ಟು ಬಂದದ್ದು ಒಳ್ಳೆಯದೇ. ಬರದಿದ್ದರೆ ನನಗೆ ಚಿಂತೆಯಾಗುತ್ತಿತ್ತು. ಆದರೆ 'ಈ ಊರೇ ಹೀಗೆ' ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ಒಪ್ಪಲಾರೆ. ದೇಶವೇ ಹೀಗಿದೆ ಕಣೇ. ಹಳ್ಳಿ ಮಕ್ಕಳ ಮನೆಗೇ ಹೋಗಿ ಓದಿಸಿ ನೋಡುತ್ತಾರಲ್ಲ, ಅಸರ್ ವರದಿಯವರು, ಅವರ 2024ರ ಲೆಕ್ಕದಲ್ಲಿ ಸರ್ಕಾರಿ ಶಾಲೆಯ ಐದನೇ ಕ್ಲಾಸಿನವರಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ 44.8. ಖಾಸಗಿ ಶಾಲೆಯಲ್ಲೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಬರುವುದಿಲ್ಲ. (ನಿಮ್ಮಮ್ಮ ಸಾಲ ಮಾಡಿ ನಿನ್ನನ್ನು ಕಾನ್ವೆಂಟಿಗೆ ಸೇರಿಸಿದಾಗ ನಾನು ಜಗಳ ಆಡಿದ್ದು ಸುಮ್ನೆ ಅಲ್ಲ.) ದೇಶ ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಪರೀಕ್ಷೆ ಇದೆಯಲ್ಲ, ಅದರ 2009ರ ಸುತ್ತಿಗೆ ತಮಿಳುನಾಡು, ಹಿಮಾಚಲದ ಮಕ್ಕಳು ಕೂತರು. ಎಪ್ಪತ್ತಕ್ಕೂ ಜಾಸ್ತಿ ಹೆಸರಿದ್ದ ಪಟ್ಟಿಯಲ್ಲಿ ನಮ್ಮವರ ಕೆಳಗೆ ಇದ್ದದ್ದು ಕಿರ್ಗಿಸ್ತಾನ ಒಂದೇ. ಮುಂದಿನ ಸಲ ನಾವು ಏನು ಮಾಡಿದೆವು ಗೊತ್ತಾ? ಪರೀಕ್ಷೆಗೇ ಹೋಗಲಿಲ್ಲ.

ದುಡ್ಡಿನ ಕತೆಯೂ ಹಳೆಯದೇ. ದೇಶದ ಆದಾಯದಲ್ಲಿ ಶೇ 6 ಶಿಕ್ಷಣಕ್ಕೆ ಇಡಿ ಅಂತ ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ, ನಾನು ಸ್ಲೇಟು ಹಿಡಿಯುವ ಮೊದಲು. 1968ರ ನೀತಿ ಹೂಂ ಅಂದಿತು, 1986ರದ್ದೂ ಅಂದಿತು, 2020ರದ್ದೂ ಅಂದಿದೆ. ನಾನು ರಿಟೈರ್ ಆದರೂ ಆ ಆರು ಬಂದಿಲ್ಲ.

ನಿಮ್ಮ ಸ್ಟಾಫ್‌ರೂಮಿನಲ್ಲಿ ಒಂದು ಮಾತು ಕೇಳಿರುತ್ತೀಯ. 'ಫೇಲ್ ಮಾಡಬೇಡಿ ಅಂದರಲ್ಲ, ಅವತ್ತೇ ಎಲ್ಲ ಹಾಳಾಯ್ತು.' ನನಗೆ ಈ ಮಾತು ಸೇರುವುದಿಲ್ಲ. 2010ರಲ್ಲಿ ಫೇಲ್ ಮಾಡಬೇಡಿ ಅಂದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಬರುವ ಮೊದಲು ಫೇಲಾದ ಮಕ್ಕಳು ಕಲಿತರಾ? ದನ ಕಾಯಲು ಹೋದರು. ಅದೇ ಕಾನೂನು, ಪ್ರತಿ ಮಗುವಿನ ಕಲಿಕೆಯನ್ನು ವರ್ಷವಿಡೀ ಗಮನಿಸುತ್ತಾ ಇರಿ ಅಂತಲೂ ಹೇಳಿತ್ತು. ಅದು ಎಫ್‌ಎ-1, ಎಫ್‌ಎ-2, ಎಸ್‌ಎ-1 ಅಂತ ಒಂದೊಂದು ಪರೀಕ್ಷೆಗೂ ಫಾರಂ ತುಂಬುವ ಕೆಲಸವಾಯಿತು. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಬರೆದುಕೊಂಡವನಿಗೆ ಎ ಪ್ಲಸ್. ಬರೆದದ್ದನ್ನು ಓದು ಅಂದರೆ ಕಣ್ಣು ಕಣ್ಣು ಬಿಡುತ್ತಾನೆ. ಹೀಗೇ ಹತ್ತನೇ ಕ್ಲಾಸಿನವರೆಗೆ ಬರುತ್ತಾನೆ. 2024ರ ಎಸ್ಸೆಸ್ಸೆಲ್ಸಿಗೆ ಕೋಣೆ ಕೋಣೆಯಲ್ಲೂ ಕ್ಯಾಮೆರಾ ಇಟ್ಟ ಮೇಲೆ ಬಣ್ಣ ಬಯಲಾಯಿತಲ್ವಾ? ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ ಶೇ 73.40. ನಿನ್ನ ಯಾದಗಿರಿ ಶೇ 50.59, ಕೊನೆಯ ಜಾಗ. ಪಾಪ, ಹತ್ತನೇ ಕ್ಲಾಸಿನ ಮೇಷ್ಟರಿಗೆ ನೋಟಿಸ್ ಕೊಡುತ್ತಾರೆ.

ಈಗ ಕೆಲಸದ ಮಾತು. ಮೊದಲು ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಓದಿಸು, ಎಲ್ಲರೆದುರು ಬೇಡ. ಪಾಠದ ಮೊದಲ ಸಾಲಿನಿಂದ ಓದಿಸಬೇಡ. ಮಕ್ಕಳು ಕಿಲಾಡಿಗಳು, ಕೇಳಿ ಕೇಳಿ ಬಾಯಿಪಾಠ ಮಾಡಿರುತ್ತಾರೆ. ಬಾಯಿ ನಾಲ್ಕನೇ ಸಾಲಿಗೆ ಹೋಗಿರುತ್ತದೆ, ಬೆರಳು ಇನ್ನೂ ಎರಡನೇ ಸಾಲಿನಲ್ಲೇ ಇರುತ್ತದೆ. ನೀನು ಬೆರಳು ನೋಡು. ಯಾರು ಅಕ್ಷರದಲ್ಲಿ ನಿಂತಿದ್ದಾರೆ, ಯಾರು ಕಾಗುಣಿತದಲ್ಲಿ, ಯಾರು ಒತ್ತಕ್ಷರದಲ್ಲಿ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಅದು ಸ್ಯಾಟ್ಸ್‌ಗೆ, ಇಲಾಖೆಯ ಆನ್‌ಲೈನ್ ದಾಖಲೆಗೆ, ಹೋಗುವ ಲೆಕ್ಕ ಅಲ್ಲ, ನಿನಗೆ ಮಾತ್ರ.

ಆಮೇಲೆ ದಿನಾ ಮೊದಲ ಪೀರಿಯಡ್ಡು ಓದಿಗೆ. ಕ್ಲಾಸು ಮರೆತು, ಮಟ್ಟ ನೋಡಿ ಗುಂಪು ಮಾಡು. ಇದು ಮುದುಕಿಯ ಹಠ ಅಂದುಕೋಬೇಡ. ಪ್ರಥಮ್ ಸಂಸ್ಥೆಯವರು ಇದನ್ನು ವರ್ಷಗಟ್ಟಲೆ ಮಾಡಿದ್ದಾರೆ. ಇದರಿಂದ ಮಕ್ಕಳು ಕಲಿಯುತ್ತಾರಾ ಅಂತ ಲೆಕ್ಕ ಹಾಕಿ ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು, 2019ರಲ್ಲಿ ನೊಬೆಲ್ ಬಂತಲ್ಲ, ಅವರೇ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಕಲಿಯುವ ನಮ್ಮ ನಲಿ-ಕಲಿಯಲ್ಲೂ ಇದೇ ಇದೆ. 1995ರಲ್ಲಿ ಅದು ಶುರುವಾದದ್ದು ಇಲ್ಲೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ಮೇಷ್ಟರುಗಳೇ ಕೂತು ಕಾರ್ಡು ಬರೆದರು. ಮಗು ತನ್ನ ಮೆಟ್ಟಿಲಲ್ಲಿ ತಾನು ಏರುತ್ತದೆ. ತೊಂದರೆ ಏನೆಂದರೆ ಮೂರನೇ ಕ್ಲಾಸಿಗೆ ಅದು ಮುಗಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಅಲ್ಲಿ ಕೈಬಿಟ್ಟ ಮಕ್ಕಳೇ ಈಗ ನಿನ್ನೆದುರು ಕೂತಿರುವುದು.

ಆದರೆ ದೊಡ್ಡ ಮಕ್ಕಳಿಗೆ ಚಿಕ್ಕವರ ಕಾರ್ಡು ಹಾಗೇ ಕೊಟ್ಟರೆ ನಾಚಿಕೆಯಾಗುತ್ತದೆ. ನಿನ್ನ ವಿಜ್ಞಾನದ ಪುಸ್ತಕದಿಂದಲೇ ಪದ ಆರಿಸು. ಎಲೆ, ಬೇರು, ನೀರು ಮೊದಲು. ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಮಣ್ಣು, ಹಕ್ಕಿ, ಕಪ್ಪೆ ಆಮೇಲೆ. ಸಸ್ಯ, ಪುಷ್ಪ ಅದರ ನಂತರ. ಸೂರ್ಯನನ್ನು ಕೊನೆಗೆ ಇಟ್ಟುಕೋ. ಅರ್ಕಾವೊತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಮಕ್ಕಳು ಅಲ್ಲೇ ಎಡವುತ್ತಾರೆ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಅವರಿಗೆ ಅಕ್ಷರ ಬಂದರೂ ಪದ ಹೊಸದು. ವಸ್ತು ತೋರಿಸಿ ಹೇಳು. ಇಲ್ಲಿ ಜೇನುಕುರುಬರ ಮಕ್ಕಳಿಗೆ ನಾವು ಹಾಗೇ ಮಾಡುತ್ತಿದ್ದೆವು.

ಪೋರ್ಷನ್ ಮುಗಿಯಲ್ಲ ಅಂತ ಎಚ್‌ಎಂ ಗೊಣಗುತ್ತಾರೆ. ಗೊಣಗಲಿ. ಓದು ಬಾರದ ಮಗುವಿನ ಮುಂದೆ ಮುಗಿಸಿದ ಪೋರ್ಷನ್ ಯಾರಿಗೆ ಬೇಕು? ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಾಗ ನೋಟ್‌ಬುಕ್ ತೋರಿಸು. ಹೆಚ್ಚಿನವರು ತಾವೂ ಮೇಷ್ಟರಾಗಿದ್ದವರೇ, ಅರ್ಥ ಮಾಡಿಕೊಳ್ಳುತ್ತಾರೆ. ಗಣತಿ, ಚುನಾವಣೆ ಡ್ಯೂಟಿ ಬಂದರೆ ಹೋಗಲೇಬೇಕು, ಆರ್‌ಟಿಇ ಕಾಯ್ದೆಯೇ ಅದಕ್ಕೆ ದಾರಿ ಬಿಟ್ಟಿದೆ. ಆ ದಿನಗಳಲ್ಲಿ ಏಳನೇ ಕ್ಲಾಸಿನ ಚೆನ್ನಾಗಿ ಓದುವ ಹುಡುಗಿಯರಿಗೆ ಒಂದೊಂದು ಗುಂಪು ವಹಿಸು.

ಕೆಎಎಸ್ ಬರೆಯಬೇಡ ಅನ್ನುವುದಿಲ್ಲ. ಬರಿ, ಪಾಸಾದರೆ ಆ ಶೇ 6ರ ಫೈಲನ್ನೂ ಸ್ವಲ್ಪ ತಳ್ಳು. ರಾಜೀನಾಮೆ ಮಾತ್ರ ಮಾರ್ಚ್ ಮುಗಿಯುವವರೆಗೆ ಬೇಡ. ದಸರಾ ರಜೆಗೆ ಬರುವಾಗ ಆ ನೋಟ್‌ಬುಕ್ ತಾ, ಇಬ್ಬರೂ ಕೂತು ನೋಡೋಣ. ಹಳೆಯ ಕಾರ್ಡಿನ ಕಟ್ಟುಗಳು ನನ್ನ ಬೀರುವಿನಲ್ಲಿವೆ, ಹೋಗುವಾಗ ಒಯ್ಯುವೆಯಂತೆ. ನಿಮ್ಮಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ