ಮೊದಲ ಮುಖ್ಯಮಂತ್ರಿ ಕೆಂಗಲ್ ಅಲ್ಲ

ಮಾನ್ಯರೇ,

ಹೋದ ವಾರ ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ರಸಪ್ರಶ್ನೆ ಇತ್ತು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು ಅಂತ ಕೇಳಿದರು. ನನ್ನ ಮೊಮ್ಮಗಳು ಕೆ.ಸಿ. ರೆಡ್ಡಿ ಎಂದಳು. ತಪ್ಪು, ಕೆಂಗಲ್ ಹನುಮಂತಯ್ಯ ಎಂದರು. ನಾನು ಎದ್ದು ಹೋಗಿ ಹೇಳಿದರೆ, 'ಚೀಟಿಯಲ್ಲಿ ಹಾಗೇ ಇದೆಯಲ್ಲ ಸಾರ್' ಅನ್ನುವ ಉತ್ತರ!

ಕೆಂಗಲ್ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬಂದದ್ದು 1952ರಲ್ಲಿ. ಅದಕ್ಕೆ ಮೊದಲಿನ ನಾಲ್ಕೂವರೆ ವರ್ಷ ಆ ಕುರ್ಚಿಯಲ್ಲಿ ಕೂತವರು ಕೋಲಾರದ ಕಡೆಯ ಕ್ಯಾಸಂಬಳ್ಳಿಯ ರೆಡ್ಡಿಯವರು. ಆ ಕುರ್ಚಿಯೇನು ಸುಮ್ನೆ ಸಿಕ್ಕಿತಾ? 1947ರ ಆಗಸ್ಟ್ 15ಕ್ಕೆ ದೇಶವೆಲ್ಲ ಬಾವುಟ ಹಾರಿಸಿದಾಗ ಮೈಸೂರಲ್ಲಿ ಇನ್ನೂ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಆಡಳಿತ. ಮಹಾರಾಜರು ಭಾರತಕ್ಕೆ ಸೇರಲು ಸಹಿ ಹಾಕಿಯಾಗಿತ್ತು, ಆದರೆ ಜನರ ಸರ್ಕಾರ ಮಾತ್ರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು, 'ಆರ್ಕಾಟ್ ಬಾಯ್ಕಾಟ್' ಅನ್ನುವ ಕೂಗು ಬೀದಿ ಬೀದಿಯಲ್ಲಿ ಕೇಳಿತು, ಮುಖಂಡರು ಜೈಲು ಸೇರಿದರು, ಹುಡುಗರು ಶಾಲೆ ಕಾಲೇಜು ಬಿಟ್ಟು ರಸ್ತೆಗೆ ಬಂದರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ರೆಡ್ಡಿಯವರ ಮಂತ್ರಿಮಂಡಲ ಬಂತು. ನಮಗೆ ಸ್ವಾತಂತ್ರ್ಯ ಎರಡು ಕಂತಿನಲ್ಲಿ ಬಂತು ಅಂತ ನಮ್ಮ ತಂದೆ ನಗುತ್ತಾ ಹೇಳುತ್ತಿದ್ದರು.

ಇನ್ನು ವಿಧಾನಸೌಧ. ಗೊಂದಲದ ಮೂಲ ಅದೇ ಇರಬೇಕು. ಅಷ್ಟು ದೊಡ್ಡ ಕಟ್ಟಡ ಕಣ್ಣೆದುರು ನಿಂತಿರುವಾಗ ಅದನ್ನು ಕಟ್ಟಿಸಿದವರ ಹೆಸರೇ ಮೊದಲು ಬಾಯಿಗೆ ಬರುತ್ತದೆ, ಅಲ್ವಾ? ಆದರೆ 1951ರ ಜುಲೈ 13ರಂದು ನೆಹರೂ ಬಂದು ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿ ರೆಡ್ಡಿಯವರೇ. ಕೆಂಗಲ್ ಬಂದ ಮೇಲೆ ನಕ್ಷೆಯನ್ನೇ ಬದಲಾಯಿಸಿ ಇನ್ನೂ ದೊಡ್ಡದಾಗಿ ಕಟ್ಟಿಸಿದರು. ಕಲ್ಲು ಒಬ್ಬರ ಕಾಲದ್ದು, ಕಟ್ಟಡ ಇನ್ನೊಬ್ಬರದ್ದು.

ಆಮೇಲೆ ರೆಡ್ಡಿಯವರು ದೆಹಲಿಗೆ ಹೋಗಿ ನೆಹರೂ ಸಂಪುಟದಲ್ಲಿ ಮಂತ್ರಿಯಾದರು, ಮಧ್ಯಪ್ರದೇಶಕ್ಕೆ ರಾಜ್ಯಪಾಲರೂ ಆದರು. ಇಲ್ಲಿನವರು ಮರೆತದ್ದು ಆಗಲೇ ಏನೋ.

ನಿಮ್ಮಲ್ಲಿ ಒಂದು ಕೋರಿಕೆ. ರಾಜ್ಯೋತ್ಸವ ಬಂದಾಗ ಹಳೇ ಮುಖ್ಯಮಂತ್ರಿಗಳ ಫೋಟೊ ಸಾಲಾಗಿ ಹಾಕುತ್ತೀರಲ್ಲ, ಈ ಸಲ ಮೊದಲ ಫೋಟೊ ಕೆಳಗೆ ನಾಲ್ಕು ಸಾಲು ಜಾಸ್ತಿ ಬರೆಯಿರಿ. ಕತ್ತರಿಸಿ ಆ ರಸಪ್ರಶ್ನೆಯವರಿಗೆ ಕೊಡುತ್ತೇನೆ. ಮೊಮ್ಮಗಳಿಗೆ ಇನ್ನೂ ಒಂದು ಅಂಕ ಬರಬೇಕಿದೆ.

– ಒಬ್ಬ ಹಳೇ ಓದುಗ, ಬೆಂಗಳೂರು