ಮಗಳಿಗೊಂದು ಪತ್ರ: ಮುಂಗಡ ಕೊಡುವ ಮುಂಚೆ

ರಾಯಚೂರು

ಪ್ರೀತಿಯ ಮಗಳಿಗೆ,

ನೀನು ಕೊಳ್ಳಬೇಕೆಂದಿರುವ ಕುದುರೆ ಮರಿಯ ವಿಡಿಯೋ ನೋಡಿದೆ. ಮರಿ ಚೆಂದ ಇದೆ, ಎರಡು ಮಾತಿಲ್ಲ. ಮಾರವಾಡಿ ತಳಿಯ ಆ ಒಳಬಾಗಿದ ಕಿವಿ ನೋಡಿ ನಿಮ್ಮಪ್ಪ ಕರಗಿಯೇ ಹೋದರು. ಆದರೆ ಅದು ಓಡಿದ್ದೆಲ್ಲ ಮೆತ್ತನೆ ಮರಳಿನ ಮೇಲೆ. ಗೊರಸು ಒಂದು ಸಲವೂ ಸರಿಯಾಗಿ ಕಾಣಲಿಲ್ಲ.

"ಏನೂ ತೊಂದರೆ ಇಲ್ಲವಾ ಎಂದು ಫಾರ್ಮಿನವರನ್ನು ಕೇಳಿದೆ, ಇಲ್ಲ ಅಂದರು" ಎಂದು ಬರೆದಿದ್ದೀಯ. ಮತ್ತೇನು ಅಂತಾರೆ? ಅದು ಸುಳ್ಳೇ ಆಗಬೇಕಿಲ್ಲ. ವಾರ ಕುಂಟಿ ಸರಿಹೋದದ್ದು ಸಾಕಿದವರಿಗೆ ತೊಂದರೆ ಅನ್ನಿಸಿರಲಿಕ್ಕಿಲ್ಲ. ಹುಟ್ಟಿದಾಗಿನಿಂದ ಯಾವತ್ತಾದರೂ ಕುಂಟಿದ್ದುಂಟಾ, ಯಾವ ಕಾಲು, ಎಷ್ಟು ದಿನ, ಯಾವ ಡಾಕ್ಟರು ನೋಡಿದರು ಎಂದು ಕೇಳು. ಕೇಳಿ ಸುಮ್ಮನಿರು. ನಡುವೆ ಬಾಯಿ ಹಾಕಿ ನೀನೇ ಉತ್ತರ ಒದಗಿಸಬೇಡ, ಆ ಚಾಳಿ ನಿನಗಿದೆ. ಡಾಕ್ಟರ ಹೆಸರು ಸಿಕ್ಕರೆ ನಾನೇ ಫೋನ್ ಮಾಡುತ್ತೇನೆ. ನಾನು ದಿನಾ ನೋಡುವುದು ಎಮ್ಮೆ, ಕುರಿಯಾದರೂ ಒಂದೇ ಕಸುಬಿನವರಲ್ಲವಾ, ಬಿಚ್ಚಿ ಮಾತಾಡುತ್ತಾರೆ.

ತಾಯಿ ಕುದುರೆ ಅಲ್ಲೇ ಇದ್ದರೆ ಅದನ್ನೂ ನಡೆಸಿ ತೋರಿಸಲು ಹೇಳು. ಸವಾರಿಯಿಂದ ಅದನ್ನು ಯಾಕೆ ಬಿಡಿಸಿದರು ಎಂದೂ ಕೇಳು. ಕಾಲು ಸೋತ ಮೇಲೆ ಮರಿ ಹಾಕಿಸಲು ಇಟ್ಟುಕೊಂಡ ಕುದುರೆಗಳು ಬೇಕಾದಷ್ಟಿವೆ.

ಮರಿಗೆ ಮೂರು ವರ್ಷ ಅನ್ನುತ್ತಾರಲ್ಲ, ದಾನದ ಆಕಳಾಗಿದ್ದರೆ ಹಲ್ಲು ಹಿಡಿದು ನೋಡುವುದು ತಪ್ಪು, ಇದು ರೊಕ್ಕ ಎಣಿಸಿ ತರುವುದು. ಬಾಯಿ ತೆರೆಸು. ಮುಂದಿನ ನಡುವಿನ ಹಾಲುಹಲ್ಲು ಬೀಳುವುದು ಎರಡೂವರೆ ವರ್ಷದ ಸುಮಾರಿಗೆ, ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ. ನಡುವಿನವೇ ಇನ್ನೂ ಹಾಲುಹಲ್ಲಾಗಿದ್ದರೆ ಲೆಕ್ಕ ತಪ್ಪಿದೆ. ಮುಂಗಾಲಿನ ಮಂಡಿಯ ಮೇಲಿನ ಎಲುಬು ಬಲಿಯುವುದೇ ಎರಡೂವರೆ ವರ್ಷದ ಹೊತ್ತಿಗೆ, ಬೆನ್ನೆಲುಬು ಬಲಿಯುವುದು ಐದು ದಾಟಿದ ಮೇಲೆ. ಆದ್ದರಿಂದ ಜೀನು ಮೊದಲು ಹಾಕಿದ್ದು ಯಾವಾಗ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಮದುವೆ ಮೆರವಣಿಗೆಯಲ್ಲಿ ಕುಣಿಸಲೆಂದು ಎಳೆಯದರಲ್ಲೇ ಪಳಗಿಸಿದ ಮರಿಗಳ ಹಿಂಗಾಲಿನ ಕೀಲು ನಾನು ನೋಡಿದ್ದೇನೆ, ಮುದುಕರ ಮೊಣಕಾಲಿನ ಹಾಗೆ ಗಂಟುಗಂಟು.

ಇನ್ನು ಗೊರಸು. ಮುಂಭಾಗದಲ್ಲಿ ಅದು ಮೇಲಂಚಿನಿಂದ ನೆಲದವರೆಗೆ ಬೆಳೆದು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ವರ್ಷದಲ್ಲಿ ಜ್ವರ ಬಂದಿದ್ದರೆ, ಮೇವು ಬದಲಾಗಿದ್ದರೆ ಅಡ್ಡಗೆರೆ ಮೂಡಿರುತ್ತದೆ. ಗೆರೆಗಳ ಅಂತರ ಸಮವಾಗಿದ್ದರೆ ಬಿಡು. ಮುಂದೆ ಒತ್ತೊತ್ತಾಗಿದ್ದು ಹಿಮ್ಮಡಿಯ ಕಡೆ ಅಗಲವಾಗುತ್ತ ಹೋಗಿದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಬಂದುಹೋಗಿರಬಹುದು. ಮಾರಲು ಮೈ ತುಂಬಲಿ ಎಂದು ಕಾಳು ಸುರಿದರೂ ಅದು ಬರುತ್ತದೆ. ಅಂಗೈ ಇಟ್ಟು ನೋಡು, ನಾಲ್ಕು ಗೊರಸಿನಲ್ಲಿ ಯಾವುದೋ ಒಂದು ಮಾತ್ರ ಬಿಸಿ ಇರಬಾರದು.

ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಓಡಿಸಲಿ. ಬಿಗಿ ಹಿಡಿದರೆ ತಲೆ ಆಡುವುದು ಗೊತ್ತಾಗುವುದಿಲ್ಲ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ಊರಿದಾಗ ತಗ್ಗುತ್ತದೆ. ಹೊಸಬರು ಇದನ್ನು ತಿರುವುಮುರುವು ತಿಳಿಯುತ್ತಾರೆ. ಸದ್ದನ್ನೂ ಕೇಳು. ನಿನ್ನ ಅಜ್ಜ ಸ್ಟೇಷನ್ ರೋಡಿನಲ್ಲಿ ಟಾಂಗಾ ಹೊಡೆಯುವಾಗ ಹಿಂದಿನಿಂದ ಬರುವ ಕುದುರೆಯ ಲಾಳ ಸಡಿಲಾಗಿದೆ ಎಂದು ತಿರುಗಿ ನೋಡದೆ ಹೇಳುತ್ತಿದ್ದರು. ಆದರೆ ಅವರ ಸುಳಿಶಾಸ್ತ್ರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಣೆಯ ಸುಳಿ ಕೆಟ್ಟದ್ದೆಂದು ಯಾವ ಕುದುರೆಯೂ ಕುಂಟಿಲ್ಲ.

ನೋವಿನ ಔಷಧಿ ಕೊಟ್ಟರೆ ಕುಂಟು ಮುಚ್ಚಿಹೋಗುತ್ತದೆ. ಪರೀಕ್ಷೆಯ ದಿನವೇ ಡಾಕ್ಟರಿಂದ ರಕ್ತ ತೆಗೆಸಿಡು. ಡಾಕ್ಟರನ್ನು ನೀನು ಕರೆದೊಯ್ಯಬೇಕು, ಫಾರ್ಮಿನವರು ತೋರಿಸಿದವರು ಬೇಡ. ಗ್ಲಾಂಡರ್ಸ್ ಪರೀಕ್ಷೆಯ ರಿಪೋರ್ಟ್ ಇಲ್ಲದೆ ಗಾಡಿ ಹತ್ತಿಸಲೇಬೇಡ. ಅದು ಮನುಷ್ಯರಿಗೂ ಹರಡುವ ರೋಗ, ಖಚಿತವಾದರೆ ಕುದುರೆಗೆ ದಯಾಮರಣವೇ.

ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಹಂಪಿಯ ಅರಸರಿಗೆ ಅದು ನಡೆಯುತ್ತಿತ್ತು, ನಿನ್ನ ಸಂಬಳಕ್ಕೆ ನಡೆಯುವುದಿಲ್ಲ.

ಹೋದ ದಿನ ವಿಡಿಯೋ ಕಾಲ್ ಮಾಡು. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ತೋರಿಸು. ನಿಮ್ಮಪ್ಪ ಆಗಲೇ ಹೆಸರು ಹುಡುಕುತ್ತಿದ್ದಾರೆ, ರಿಪೋರ್ಟ್ ಬರುವವರೆಗೆ ತಡೆಯಿರಿ ಎಂದಿದ್ದೇನೆ.

ನಿನ್ನ ಅವ್ವ